ಹಾಲು ಕಾಯುವಷ್ಟು ಹೊತ್ತು

"ಧ್ಯಾನಕ್ಕೆ ಕೂತ್ರೆ ಮನಸ್ಸು ನಿಲ್ಲೋದೇ ಇಲ್ಲ ಕಣ್ರೀ, ಅದಕ್ಕೇ ಬಿಟ್ಟುಬಿಟ್ಟೆ." ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ನಾನೂ ಹೇಳಿದ್ದೇನೆ. ಈಗ ಯೋಚಿಸಿದರೆ ನಗು ಬರುತ್ತದೆ. ಈಜು ಕಲಿಯೋಕೆ ಹೋಗಿ, ನೀರು ಒದ್ದೆ ಇತ್ತು ಅಂತ ವಾಪಸ್ ಬಂದ ಹಾಗೆ ಅದು.

ನನ್ನ ಕಥೆ ಮೊದಲು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಸಿಕ್ಕಾಪಟ್ಟೆ ಉತ್ಸಾಹದಿಂದ ಧ್ಯಾನ ಶುರು ಮಾಡಿದೆ. ಬೆಳಗ್ಗೆ ನಾಲ್ಕೂವರೆಗೆ ಅಲಾರಂ, ಹೊಸ ಚಾಪೆ, ಫೋನಿನಲ್ಲಿ ಒಂದು ಆ್ಯಪ್. ದಿನಕ್ಕೆ 40 ನಿಮಿಷ ಅಂತ ನಾನೇ ಹಾಕಿಕೊಂಡ ಲೆಕ್ಕ. ಆ್ಯಪ್ ದಿನ ಎಣಿಸುತ್ತಿತ್ತು. 5ನೇ ದಿನ, 6ನೇ ದಿನ, ಭೇಷ್! 11ನೇ ದಿನ ನೆಂಟರ ಮನೆಯಲ್ಲಿ ಆರತಕ್ಷತೆ. ಮನೆಗೆ ಬಂದು ಮಲಗಿದ್ದೇ ರಾತ್ರಿ ಒಂದು ಗಂಟೆಗೆ. ಬೆಳಗ್ಗೆ ಏಳಲಾಗಲಿಲ್ಲ. ಮಾರನೇ ದಿನ ಆ್ಯಪ್ ತೆರೆದರೆ ದೊಡ್ಡದಾಗಿ ಸೊನ್ನೆ. ಆ ಸೊನ್ನೆ ನೋಡಿ ಆದ ಬೇಜಾರು ಸಂಜೆಯವರೆಗೂ ಹೋಗಲಿಲ್ಲ. ಮನಶ್ಶಾಂತಿಗೆ ಅಂತ ಹಾಕಿಕೊಂಡ ಆ್ಯಪ್‌ನಿಂದಲೇ ತಲೆಬಿಸಿ. ಚಾಪೆ ಸುತ್ತಿ ಬೀರುವಿನ ಮೇಲೆ ಇಟ್ಟೆ.

ಮತ್ತೆ ಶುರುವಾಗಿದ್ದು ತಿಂಗಳುಗಳಾದ ಮೇಲೆ, ಅಡುಗೆಮನೆಯಲ್ಲಿ, ಹಾಲಿನ ಪಾತ್ರೆಯ ಮುಂದೆ. ಅಲ್ಲಿಗೆ ಬರುತ್ತೇನೆ. ಅದಕ್ಕೂ ಮೊದಲು ಈ 'ಮನಸ್ಸು ನಿಲ್ಲಲ್ಲ' ಅನ್ನೋ ದೂರು ಏನು ಅಂತ ನೋಡೋಣ. ಇಡೀ ವಿಷಯದ ಗಂಟು ಇರುವುದು ಅಲ್ಲೇ.

ಔಷಧಿ ಮತ್ತು ಮಂಗನ ಕಥೆ ನಿಮಗೆ ಗೊತ್ತಿರಬಹುದು. ವೈದ್ಯರು ಔಷಧಿ ಕೊಟ್ಟು ಹೇಳುತ್ತಾರೆ: "ಎಲ್ಲಾ ಸರಿ, ಆದ್ರೆ ಇದನ್ನ ಕುಡಿಯುವಾಗ ಮಾತ್ರ ಮಂಗನ್ನ ನೆನೆಸ್ಕೋಬೇಡ." ಅಲ್ಲಿಗೆ ಮುಗಿಯಿತು. ಲೋಟ ಎತ್ತಿದರೆ ಸಾಕು, ಮಂಗ ಹಾಜರ್. ಅದುವರೆಗೆ ಒಂದು ದಿನವೂ ಮಂಗನ ಬಗ್ಗೆ ಯೋಚಿಸದ ಮನುಷ್ಯ ಅವನು.

1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಹೆಚ್ಚುಕಡಿಮೆ ಇದನ್ನೇ ಪ್ರಯೋಗವಾಗಿ ಮಾಡಿದರು. ಅವರ ಮಂಗ ಒಂದು ಬಿಳಿ ಕರಡಿ. ವಿದ್ಯಾರ್ಥಿಗಳನ್ನು ಕೂರಿಸಿ, ಐದು ನಿಮಿಷ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ, ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ, "ಈಗ ಬೇಕಾದ್ರೆ ಕರಡಿಯನ್ನು ನೆನೆಯಬಹುದು" ಎಂದಾಗ, ಮೊದಲು ತಡೆದುಕೊಂಡಿದ್ದವರೇ ಕರಡಿಯನ್ನು ಜಾಸ್ತಿ ನೆನೆದರು. ಶುರುವಿನಿಂದಲೇ ನೆನೆಯಲು ಬಿಟ್ಟವರಿಗಿಂತ ಜಾಸ್ತಿ.

ಕಾರಣ ಸರಳ. ಒಂದು ಯೋಚನೆ ಬರಬಾರದು ಎಂದರೆ, ಅದು ಬಂತಾ ಅಂತ ಮನಸ್ಸು ಆಗಾಗ ಇಣುಕಿ ನೋಡಬೇಕು. ಇಣುಕಿದರೆ ಕಾಣುವುದು ಅದೇ ಮಂಗ. ಹಾಗಾಗಿ 'ಯೋಚನೆಯೇ ಬರಬಾರದು' ಎಂದು ಹಲ್ಲು ಕಚ್ಚಿ ಕೂತರೆ ಇಡೀ ಮಂಗಗಳ ಸೈನ್ಯ ಬರುತ್ತದೆ. ನಮ್ಮ ಬಸವಣ್ಣನವರು 12ನೇ ಶತಮಾನದಲ್ಲೇ ತಮ್ಮ ಮನಸ್ಸನ್ನು ಕೊಂಬೆಯ ಮೇಲಿನ ಮಂಗ ಎಂದು ಕರೆದುಕೊಂಡಿದ್ದಾರೆ. ಅವರಿಗೇ ಹಾಗಾದರೆ ನಮ್ಮ ನಿಮ್ಮ ಪಾಡೇನು?

ಇನ್ನೊಂದು ಅನುಮಾನ ತುಂಬಾ ಜನರಿಗೆ ಇರುತ್ತದೆ. ಕೆಲಸ ಮಾಡುವಾಗ ಇಲ್ಲದ ಯೋಚನೆಗಳು ಕಣ್ಣು ಮುಚ್ಚಿದ ಕೂಡಲೇ ಎಲ್ಲಿಂದ ಬರುತ್ತವೆ? ಧ್ಯಾನ ಮಾಡಿದ್ದಕ್ಕೇ ಜಾಸ್ತಿ ಆಯಿತಾ? ಇಲ್ಲ. ಮಿಕ್ಸಿ ನಿಂತ ಮೇಲೆ ಫ್ರಿಜ್ಜಿನ ಗುಂಯ್ ಸದ್ದು ಕೇಳಿಸುತ್ತದಲ್ಲ, ಹಾಗೆ. ಫ್ರಿಜ್ಜು ಮೊದಲೂ ಸದ್ದು ಮಾಡುತ್ತಲೇ ಇತ್ತು.

ನಮ್ಮ ಮೆದುಳು ದೇಹದ ತೂಕದಲ್ಲಿ ಸುಮಾರು ನೂರಕ್ಕೆ 2 ಭಾಗ. ಆದರೆ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ನೂರಕ್ಕೆ 20ರಷ್ಟು ಅದಕ್ಕೇ ಬೇಕು. ಸುಮ್ನೆ ಕೂತಾಗಲೂ ಈ ಖರ್ಚು ಅಷ್ಟೇನೂ ಇಳಿಯುವುದಿಲ್ಲ. 2001ರಲ್ಲಿ ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕಸ್ ರೈಕಲ್ ಮತ್ತು ಸಂಗಡಿಗರು ಒಂದು ವಿಚಿತ್ರ ಸಂಗತಿಗೆ ಹೆಸರು ಕೊಟ್ಟರು. ಸ್ಕ್ಯಾನರ್ ಒಳಗೆ ಸುಮ್ಮನೆ ಮಲಗಿದಾಗ ಮೆದುಳಿನ ಕೆಲವು ಭಾಗಗಳು ಚುರುಕಾಗಿರುತ್ತವೆ, ಏನಾದರೂ ಕೆಲಸ ಕೊಟ್ಟರೆ ಅವೇ ಭಾಗಗಳು ತಣ್ಣಗಾಗುತ್ತವೆ. ಈ ಭಾಗಗಳ ಕೂಟಕ್ಕೆ ಈಗ 'ಡಿಫಾಲ್ಟ್ ಮೋಡ್ ನೆಟ್‌ವರ್ಕ್' ಎನ್ನುತ್ತಾರೆ. ನಿನ್ನೆ ಅವನು ಹಾಗೆ ಯಾಕಂದ, ನಾಳೆ ಮೀಟಿಂಗಿನಲ್ಲಿ ಏನು ಹೇಳಲಿ, ಮಗಳ ಫೀಸು ಕಟ್ಟಿದ್ನಾ ಇಲ್ವಾ, ಇಂಥದ್ದನ್ನೆಲ್ಲ ಮೆಲುಕು ಹಾಕುವಾಗ ಓಡುವುದು ಇದೇ ಕೂಟ. ಕೈಗೆ ಕೆಲಸ ಇಲ್ಲದಾಗ ಮನಸ್ಸು ಅಲೆಯುವುದು ಕೆಟ್ಟ ಅಭ್ಯಾಸವೇನಲ್ಲ. ಅದರ ಹುಟ್ಟುಗುಣ.

ಎಷ್ಟು ಅಲೆಯುತ್ತದೆ? 2010ರಲ್ಲಿ ಹಾರ್ವರ್ಡ್‌ನ ಇಬ್ಬರು ಸಂಶೋಧಕರು 2,250 ಜನರ ಫೋನಿಗೆ ದಿನದಲ್ಲಿ ಆಗಾಗ ಪ್ರಶ್ನೆ ಕಳಿಸಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ, ಹೇಗನಿಸುತ್ತಿದೆ? ಕೇಳಿದಾಗಲೆಲ್ಲ ನೂರಕ್ಕೆ ಸುಮಾರು 47 ಸಲ ಮನಸ್ಸು ಬೇರೆಲ್ಲೋ ಇತ್ತು. ಹಾಗೆ ಅಲೆಯುತ್ತಿದ್ದಾಗ ಜನ ಅಷ್ಟು ಖುಷಿಯಾಗಿರಲೂ ಇಲ್ಲ. ಎಚ್ಚರವಿದ್ದ ಹೊತ್ತಿನಲ್ಲಿ ಅರ್ಧದ ಹತ್ತಿರ! ಅಂದ್ರೆ ತಿಂಡಿ ತಿನ್ನುವಾಗ ಅರ್ಧ ದೋಸೆಯ ರುಚಿಯೇ ಗೊತ್ತಾಗಿಲ್ಲ ಅಂತ ಆಯ್ತು.

ಹಾಗಾದರೆ ಧ್ಯಾನದಲ್ಲಿ ಮಾಡುವುದಾದರೂ ಏನು? ಇದಕ್ಕೆ ನನಗೆ ಸಿಕ್ಕ ಅತ್ಯಂತ ಸ್ಪಷ್ಟ ಉತ್ತರ 2012ರ ಒಂದು ಸಣ್ಣ ಅಧ್ಯಯನದ್ದು. ಎಮೊರಿ ವಿಶ್ವವಿದ್ಯಾಲಯದಲ್ಲಿ ವೆಂಡಿ ಹಾಸೆನ್‌ಕ್ಯಾಂಪ್ ಮತ್ತು ಸಂಗಡಿಗರು ಧ್ಯಾನದ ಅಭ್ಯಾಸವಿದ್ದ 14 ಜನರನ್ನು ಸ್ಕ್ಯಾನರ್ ಒಳಗೆ ಮಲಗಿಸಿ ಉಸಿರನ್ನು ಗಮನಿಸಲು ಹೇಳಿದರು. ಕೈಯಲ್ಲಿ ಒಂದು ಬಟನ್. 'ಅಯ್ಯೋ, ಮನಸ್ಸು ಎಲ್ಲೋ ಹೋಗಿತ್ತಲ್ಲ' ಎಂದು ಗೊತ್ತಾದ ಕೂಡಲೇ ಒತ್ತಬೇಕು. ಅದರಿಂದ ಒಂದು ಸುತ್ತು ಕಂಡಿತು. ಮನಸ್ಸು ಅಲೆಯುತ್ತದೆ. ಅಲೆದಿದ್ದು ಗೊತ್ತಾಗುತ್ತದೆ. ಗಮನವನ್ನು ತಿರುಗಿಸುತ್ತೇವೆ. ಉಸಿರಿನ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇವೆ. ಮತ್ತೆ ಅಲೆಯುತ್ತದೆ. ಒಂದೊಂದು ಹಂತದಲ್ಲೂ ಮೆದುಳಿನ ಬೇರೆ ಬೇರೆ ಕೂಟಗಳು ಎದ್ದು ಕೂರುತ್ತಿದ್ದವು.

ಗಮನಿಸಿ, ಅವರು ಅಭ್ಯಾಸ ಇದ್ದವರು. ಆದರೂ ಬಟನ್ ಒತ್ತುತ್ತಲೇ ಇದ್ದರು. 'ಗೊತ್ತಾಗುವುದು, ತಿರುಗಿಸುವುದು' ಇವೆರಡೇ ಇಲ್ಲಿ ಕಸರತ್ತು. ಮನಸ್ಸು ಅಲೆಯದಿದ್ದರೆ ಕಸರತ್ತೇ ಇಲ್ಲ. ಹತ್ತು ನಿಮಿಷದಲ್ಲಿ ಮೂವತ್ತು ಸಲ ಎಲ್ಲೋ ಹೋಗಿ ಮೂವತ್ತು ಸಲ ವಾಪಸ್ ಬಂದರೆ ನೀವು ಮೂವತ್ತು ಬಸ್ಕಿ ಹೊಡೆದಿರಿ ಅಂತ ಅರ್ಥ. ಸೋತಿರಿ ಅಂತ ಅಲ್ಲ.

ಹಳಬರಿಗೆ ಇದು ಗೊತ್ತಿತ್ತು. ಭಗವದ್ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನ ಗೊಣಗುತ್ತಾನೆ: ಈ ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟು ಕಷ್ಟ. ಅದೇ ಅಧ್ಯಾಯದಲ್ಲಿ ಕೃಷ್ಣ ಹೇಳುವುದೂ ಇಷ್ಟೇ: ಚಂಚಲವಾದ ಮನಸ್ಸು ಯಾವ ಯಾವ ಕಡೆ ಹೊರಟುಹೋಗುತ್ತದೋ ಆ ಕಡೆಯಿಂದ ಅದನ್ನು ಹಿಂದಕ್ಕೆ ತರಬೇಕು. ಹೋಗಲೇಬಾರದು ಎಂದು ಅವನು ಹೇಳುವುದಿಲ್ಲ. ಅದು ಹೋಗುತ್ತದೆ ಅನ್ನುವುದು ಲೆಕ್ಕದಲ್ಲೇ ಇದೆ.

ಪತಂಜಲಿಯ ಯೋಗಸೂತ್ರ ಇನ್ನೂ ಒಂದು ಗೆರೆ ಎಳೆಯುತ್ತದೆ. ಅಷ್ಟಾಂಗದಲ್ಲಿ ಆರನೆಯದು ಧಾರಣ, ಏಳನೆಯದು ಧ್ಯಾನ. ಮನಸ್ಸನ್ನು ಒಂದು ಕಡೆ ಕಟ್ಟುವುದು ಧಾರಣ. ಅದು ಕಡಿಯದೆ ಒಂದೇ ಸಮನೆ ಹರಿದರೆ ಧ್ಯಾನ. ಇದಕ್ಕೆ ಎಣ್ಣೆಯ ಧಾರೆಯ ಹೋಲಿಕೆ ಕೊಡುವುದುಂಟು. ನೀರು ಸುರಿದರೆ ಹನಿಹನಿಯಾಗಿ ಚಿಮ್ಮುತ್ತದೆ. ಡಬ್ಬದಿಂದ ಬಾಟಲಿಗೆ ಎಣ್ಣೆ ಬಗ್ಗಿಸಿ ನೋಡಿ, ಸದ್ದಿಲ್ಲದ ಒಂದು ದಾರ ಇಳಿಯುತ್ತದೆ. ಈ ಲೆಕ್ಕದಲ್ಲಿ ನಾವೆಲ್ಲ 'ಧ್ಯಾನ ಮಾಡ್ತಿದ್ದೀವಿ' ಅಂದುಕೊಂಡಿರುವುದು ಹೆಚ್ಚಾಗಿ ಧಾರಣವೇ. ಧ್ಯಾನ ಆಗುವಂಥದ್ದು, ಮಾಡುವಂಥದ್ದಲ್ಲ. ಹಾಸಿಗೆ ಹಾಸುವುದು ನಮ್ಮ ಕೈಲಿದೆ, ನಿದ್ದೆ ಬರಿಸುವುದು ಇಲ್ಲ. ನನಗಂತೂ ಇದು ಗೊತ್ತಾದ ಮೇಲೆ ಹೆಗಲಿನಿಂದ ಒಂದು ಮೂಟೆ ಇಳಿದ ಹಾಗಾಯಿತು.

ಇನ್ನು ಕೂರುವ ವಿಷಯ. ಚಕ್ಕಳಮಕ್ಕಳ ಹಾಕಿ ಕೂತರೇ ಧ್ಯಾನ ಅಂತ ನಂಬಿ ಮಂಡಿ ನೋಯಿಸಿಕೊಂಡವರು ಎಷ್ಟೋ. ಆಸನದ ಬಗ್ಗೆ ಪತಂಜಲಿ ಕೇಳುವುದು ಎರಡೇ, ಸ್ಥಿರವಾಗಿರಬೇಕು ಮತ್ತು ಸುಖವಾಗಿರಬೇಕು. ಅದರ ಮುಂದಿನ ಸೂತ್ರದಲ್ಲಿ ಪ್ರಯತ್ನವನ್ನು ಸಡಿಲ ಬಿಡುವ ಮಾತೂ ಇದೆ. ಕುರ್ಚಿ ಆಗುತ್ತದೆ. ಬೆನ್ನು ನೆಟ್ಟಗಿರಲಿ, ಸೆಟೆದುಕೊಳ್ಳುವುದು ಬೇಡ. ಮಲಗಿಕೊಂಡೂ ಆಗುತ್ತದೆ, ಆದರೆ ಹತ್ತರಲ್ಲಿ ಎಂಟು ಜನ ಗೊರಕೆ ಹೊಡೆಯುತ್ತಾರೆ ಅನ್ನುವುದು ನನ್ನ ಅಂದಾಜು. ದಿನಾ ಕೂತ ಕೂಡಲೇ ತೂಕಡಿಕೆ ಬಂದರೆ ಅದು ಧ್ಯಾನದ ಸಮಸ್ಯೆಯಲ್ಲ, ನಿಮಗೆ ನಿದ್ದೆ ಸಾಲುತ್ತಿಲ್ಲ. ಹೋಗಿ ಮಲಗಿ.

ಉಸಿರನ್ನೇ ಯಾಕೆ ಹಿಡಿದುಕೊಳ್ಳುತ್ತಾರೆ? ಮೊದಲನೆಯದು, ಅದು ಯಾವಾಗಲೂ ಜೊತೆಗೇ ಇರುತ್ತದೆ, ಚಾರ್ಜ್ ಮಾಡಬೇಕಿಲ್ಲ. ಎರಡನೆಯದನ್ನು ಈಗಲೇ ಪರೀಕ್ಷಿಸಬಹುದು. ಎಡಗೈ ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದ ಕೆಳಗೆ, ಬಲಗೈಯ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ನಿಧಾನಕ್ಕೆ ಉಸಿರು ಎಳೆದುಕೊಳ್ಳಿ. ಇನ್ನೂ ನಿಧಾನಕ್ಕೆ ಬಿಡಿ. ಒಂದೈದು ಸಲ ಹೀಗೆ ಮಾಡಿದರೆ, ಒಳಗೆ ಎಳೆಯುವಾಗ ನಾಡಿ ಚೂರು ಬೇಗ ಬೇಗ, ಬಿಡುವಾಗ ಚೂರು ನಿಧಾನ ಬಡಿಯುವುದು ಬೆರಳಿಗೆ ಸಿಗುತ್ತದೆ. ವಯಸ್ಸು ಚಿಕ್ಕದಿದ್ದವರಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ನನ್ನ ಮಗಳು ಮೊದಲ ಸಲ ಹಿಡಿದು ನೋಡಿದಾಗ "ಇದು ಸರಿಯಾಗಿ ಬಡೀತಿಲ್ಲ ಅಪ್ಪಾ" ಅಂತ ಗಾಬರಿಯಾಗಿದ್ದಳು. ಅದು ಸರಿಯಾಗೇ ಇದೆ. ಮೆದುಳಿನ ಬುಡದಿಂದ ಹೃದಯಕ್ಕೆ, ಹೊಟ್ಟೆಗೆ ಇಳಿಯುವ ವೇಗಸ್ ಎಂಬ ನರ ಹೃದಯಕ್ಕೆ ಬ್ರೇಕ್ ಇದ್ದ ಹಾಗೆ. ಉಸಿರು ಬಿಡುವಾಗ ಬ್ರೇಕ್ ಬೀಳುತ್ತದೆ, ಎಳೆಯುವಾಗ ಸಡಿಲವಾಗುತ್ತದೆ. ನಾವು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಅದು ನಿಧಾನವಾಗಿ, ಹೊರಗೆ ಬಿಡುವುದು ಉದ್ದವಾದಷ್ಟೂ ಬ್ರೇಕಿನ ಮೇಲೆ ಕಾಲು ಹೆಚ್ಚು ಹೊತ್ತು ಇರುತ್ತದೆ. ಸಿಟ್ಟು ಬಂದಾಗ "ಒಂದ್ಸಲ ಉಸಿರು ತಗೋ" ಎನ್ನುತ್ತಾರೆ. ನಿಜ ಹೇಳಬೇಕೆಂದರೆ "ಒಂದ್ಸಲ ಉಸಿರು ಬಿಡು" ಅನ್ನಬೇಕಿತ್ತು.

ಈಗ ಹಾಲಿಗೆ ಬರೋಣ.

ನಮ್ಮ ಮನೆಯಲ್ಲಿ ಬೆಳಗಿನ ಹಾಲು ಕಾಯಿಸುವುದು ನನ್ನ ಪಾಲಿನ ಕೆಲಸ. ಅರ್ಧ ಲೀಟರ್ ಪ್ಯಾಕೆಟ್, ಸ್ವಲ್ಪ ಸಣ್ಣ ಉರಿ, ಏಳೆಂಟು ನಿಮಿಷ. ಮೊದಲೆಲ್ಲ ಹಾಲಿಟ್ಟು ಫೋನ್ ನೋಡುತ್ತಿದ್ದೆ. ವಾರಕ್ಕೆರಡು ಸಲ ಉಕ್ಕಿ ಒಲೆಯೆಲ್ಲ ರಾಡಿ. ಬೈಗುಳ ಕೇಳಿ ಕೇಳಿ ಒಂದು ದಿನ ಫೋನನ್ನು ನಡುಮನೆಯಲ್ಲೇ ಬಿಟ್ಟು ಬಂದೆ. ಮಾಡೋಕೆ ಬೇರೇನೂ ಇರಲಿಲ್ಲ. ಸುಮ್ನೆ ನಿಂತು ನೋಡಿದೆ.

ಮೊದಲು ಏನೂ ಆಗುವುದಿಲ್ಲ. ಆಮೇಲೆ ಪಾತ್ರೆಯ ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಸಾಲುಗಟ್ಟುತ್ತವೆ. ಮೇಲೆ ತೆಳ್ಳಗೆ ಒಂದು ಪದರ ಕಟ್ಟುತ್ತದೆ, ಹಾಲಿನ ಪ್ರೋಟೀನು ಮತ್ತು ಜಿಡ್ಡು ಸೇರಿ ಆಗುವ ಪದರ ಅದು. ತಳದಿಂದ ಏಳುವ ಆವಿಗೆ ಹೊರಗೆ ಹೋಗಲು ದಾರಿ ಇಲ್ಲ. ಕೆನೆ ನಡುವೆ ಸುಕ್ಕಾಗುತ್ತದೆ, ಒಂದು ಕ್ಷಣ ಗುಬ್ಬಿ ಎದೆಯ ಹಾಗೆ ಉಬ್ಬುತ್ತದೆ. ಸದ್ದೂ ಬದಲಾಗುತ್ತದೆ, ಸಣ್ಣಗೆ ಸುಯ್ ಅಂತಿದ್ದದ್ದು ಇದ್ದಕ್ಕಿದ್ದಂತೆ ನಿಂತ ಹಾಗಾಗುತ್ತದೆ. ಆಗ ಆರಿಸಬೇಕು. ಇಪ್ಪತ್ತು ವರ್ಷ ಹಾಲು ಕಾಯಿಸಿದ್ದೆ, ಇದನ್ನು ನೋಡಿರಲಿಲ್ಲ.

ಮಾರನೇ ದಿನದಿಂದ ಅದೇ ನನ್ನ ಧ್ಯಾನದ ಹೊತ್ತು. ಎರಡೂ ಪಾದ ನೆಲದ ಮೇಲೆ ಊರಿ ನಿಲ್ಲುವುದು. ಕಣ್ಣು ಹಾಲಿನ ಮೇಲೆ, ಗಮನ ಉಸಿರಿನ ಮೇಲೆ. ಆಫೀಸಿನ ಯೋಚನೆ ಬರುತ್ತದೆ. ಬಂತು ಅಂತ ಗೊತ್ತಾಗುತ್ತದೆ. ವಾಪಸ್. ಕರೆಂಟ್ ಬಿಲ್ಲು. ವಾಪಸ್. ಅಷ್ಟೇ. ಅಲಾರಂ ಬೇಡ, ಆ್ಯಪ್ ಬೇಡ, ಹೊತ್ತು ಮುಗಿಯಿತು ಅಂತ ಹಾಲೇ ಹೇಳುತ್ತದೆ.

ಇದು ಯಾಕೆ ಉಳಿಯಿತು, ನಾಲ್ಕೂವರೆಯ ಅಲಾರಂ ಯಾಕೆ ಉಳಿಯಲಿಲ್ಲ? ಹೊಸ ಅಭ್ಯಾಸಕ್ಕೆ ಹೊಸ ಜಾಗ ಹುಡುಕಲಿಲ್ಲ, ಇದ್ದ ಅಭ್ಯಾಸಕ್ಕೆ ಗಂಟು ಹಾಕಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರ ಮೇಲೆ ನಡೆದ ಒಂದು ಅಧ್ಯಯನ ಇದೆ. ಒಬ್ಬೊಬ್ಬರೂ ಒಂದೊಂದು ಸಣ್ಣ ಅಭ್ಯಾಸ ಆರಿಸಿಕೊಂಡು, ದಿನದಲ್ಲಿ ಒಂದು ಸಲ ಖಂಡಿತ ಬರುವ ಹೊತ್ತಿಗೆ ಅದನ್ನು ಜೋಡಿಸಿ, 12 ವಾರ ಮಾಡಿದರು. ತಾನಾಗೇ ನಡೆಯುವ ಮಟ್ಟಕ್ಕೆ ಬರಲು ಹಿಡಿದದ್ದು ಸುಮಾರು 66 ದಿನ. ಆದರೆ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ, 18 ದಿನದಿಂದ 254 ದಿನದವರೆಗೆ (12 ವಾರ ಮೀರಿದ್ದು ಲೆಕ್ಕ ಹಾಕಿ ತೆಗೆದ ಅಂದಾಜು). '21 ದಿನ ಮಾಡಿದ್ರೆ ಅಭ್ಯಾಸ ಆಗುತ್ತೆ' ಅನ್ನುವ ವಾಟ್ಸ್ಆ್ಯಪ್ ಮಾತನ್ನು ಇನ್ನಾದರೂ ಬಿಡಬಹುದು. ಅದಕ್ಕಿಂತ ನನಗೆ ಇಷ್ಟವಾಗಿದ್ದು ಇನ್ನೊಂದು. ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸ ಬೆಳೆಯುವುದಕ್ಕೆ ಅಂಥ ಪೆಟ್ಟೇನೂ ಬೀಳಲಿಲ್ಲ. ನನ್ನ ಆ್ಯಪ್ ತೋರಿಸಿದ ಸೊನ್ನೆ ಸುಳ್ಳು. ಹನ್ನೊಂದು ದಿನ ಎಲ್ಲಿಗೂ ಹೋಗಿರಲಿಲ್ಲ.

ನಿಮ್ಮ ಮನೆಯಲ್ಲಿ ಹಾಲಿನ ಕೆಲಸ ಬೇರೆಯವರದ್ದಾದರೆ ಡಿಕಾಕ್ಷನ್ ಇಳಿಯುವ ಹೊತ್ತಿದೆ, ಕುಕ್ಕರಿನ ಎರಡನೇ ಮತ್ತು ಮೂರನೇ ಕೂಗಿನ ನಡುವೆ ಇದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಅದೂ ಆಗುತ್ತದೆ. ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿಕೊಂಡವರು ಮಾತ್ರ ದಯವಿಟ್ಟು ಕಣ್ಣು ಮುಚ್ಚಬೇಡಿ, ಹಿಂದಿನವರ ಹಾರನ್ನು ಯಾವ ಸಮಾಧಿಯನ್ನೂ ಒಡೆಯುತ್ತದೆ. ಅಮೆರಿಕದ ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವೈದ್ಯಕೀಯ ಕಾಲೇಜಿನಲ್ಲಿ ದೀರ್ಘಕಾಲದ ನೋವಿರುವ ರೋಗಿಗಳಿಗೆ ಒಂದು ತರಬೇತಿ ಶುರು ಮಾಡಿದರು. ಇವತ್ತು 'ಮೈಂಡ್‌ಫುಲ್‌ನೆಸ್' ಹೆಸರಲ್ಲಿ ಕೇಳುವುದರಲ್ಲಿ ಬಹಳಷ್ಟು ಅಲ್ಲಿಂದ ಬಂದದ್ದು. ಅದರ ಮೊದಮೊದಲ ಪಾಠಗಳಲ್ಲಿ ಒಂದು, ಒಂದೇ ಒಂದು ಒಣದ್ರಾಕ್ಷಿಯನ್ನು ನಿಮಿಷಗಟ್ಟಲೆ ನೋಡಿ, ಮೂಸಿ, ನಿಧಾನಕ್ಕೆ ತಿನ್ನುವುದು. ನಾನು ಕೋಡುಬಳೆಯಲ್ಲಿ ಪ್ರಯತ್ನಿಸಿದೆ. ಎರಡನೆಯದಕ್ಕೆ ಗಮನ ಹೋಯಿತು, ಐದನೆಯದಕ್ಕೆ ಲೆಕ್ಕವೂ ಹೋಯಿತು.

ಹಾಗಂತ ಕೈಕೆಲಸವೆಲ್ಲ ಧ್ಯಾನ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮಜ್ಜಿ ಮಧ್ಯಾಹ್ನ ಹತ್ತಿ ಬಿಡಿಸಿ, ಬೀಜ ತೆಗೆದು, ರಾಶಿಗಟ್ಟಲೆ ಬತ್ತಿ ಹೊಸೆಯುತ್ತಿದ್ದರು. ನೋಡಿದರೆ ಎಂಥ ಏಕಾಗ್ರತೆ ಅನ್ನಿಸುತ್ತಿತ್ತು. ನಿಜ ಏನೆಂದರೆ ಕೈ ಬತ್ತಿಯಲ್ಲಿ, ಮಾತು ಪಕ್ಕದ ಮನೆಯ ಸೊಸೆಯಲ್ಲಿ. ಅದರಿಂದ ಅವರಿಗೆ ನೆಮ್ಮದಿ ಸಿಗುತ್ತಿದ್ದದ್ದು ಖಂಡಿತ, ಅದಕ್ಕೂ ಬೆಲೆ ಇದೆ. ಆದರೆ ಮನಸ್ಸು ಹೋದದ್ದು ಗೊತ್ತಾಗಿ ವಾಪಸ್ ತರುವ ಕೆಲಸ ಅಲ್ಲಿ ನಡೆಯುತ್ತಿರಲಿಲ್ಲ. ವ್ಯತ್ಯಾಸ ಅಷ್ಟೇ ಇರುವುದು.

ಧ್ಯಾನದಿಂದ ಏನು ಸಿಗುತ್ತದೆ ಅನ್ನುವುದರಲ್ಲೂ ಬಡಾಯಿ ಜಾಸ್ತಿ. 2014ರಲ್ಲಿ ಅಮೆರಿಕದ ಒಂದು ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ 47 ಪ್ರಯೋಗಗಳನ್ನು, ಒಟ್ಟು 3,515 ಜನರ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಆತಂಕ, ಖಿನ್ನತೆ, ನೋವು ಇವು ಒಂದಿಷ್ಟು ತಗ್ಗುತ್ತವೆ ಎನ್ನಲು ಮಧ್ಯಮ ಮಟ್ಟದ ಪುರಾವೆ ಸಿಕ್ಕಿತು. ವ್ಯಾಯಾಮಕ್ಕಿಂತ, ಔಷಧಿಗಿಂತ ಧ್ಯಾನ ಮೇಲು ಎನ್ನಲು ಪುರಾವೆ ಸಿಗಲಿಲ್ಲ. ನನಗೆ ಇದು ಸಾಕು. ಬಿಪಿ ಮಾತ್ರೆ ಬಿಟ್ಟು ಕಣ್ಣು ಮುಚ್ಚಿ ಕೂರುವವರನ್ನು ನೋಡಿದರೆ ಭಯವಾಗುತ್ತದೆ.

ಕೆಲವರಿಗೆ ಕಣ್ಣು ಮುಚ್ಚಿ ಕೂತರೆ ಹಳೆಯ ಆಘಾತಗಳೇ ಎದ್ದು ಬರುತ್ತವೆ, ಎದೆ ಹಿಡಿದ ಹಾಗಾಗುತ್ತದೆ. ಇದು ಅವರ ದೌರ್ಬಲ್ಯವಲ್ಲ. ಕಣ್ಣು ತೆರೆಯಿರಿ, ಎದ್ದು ಓಡಾಡಿ, ಪಾದ ನೆಲಕ್ಕೆ ತಾಗುವುದನ್ನು ಗಮನಿಸಿ, ಅದೂ ಬೇಡವೆನಿಸಿದರೆ ಬಿಡಿ. ದಿನಗಟ್ಟಲೆ ಹಾಗೇ ಇದ್ದರೆ ವೈದ್ಯರ ಹತ್ತಿರ ಹೋಗಬೇಕು. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಾಗೆಯೇ, ಮೊದಲ ಸಲಕ್ಕೇ ಹತ್ತು ದಿನದ ಮೌನ ಶಿಬಿರಕ್ಕೆ ಹೋಗುವ ಮುಂಚೆ ಮನೆಯಲ್ಲಿ ಹತ್ತು ನಿಮಿಷ ಹೇಗಿರುತ್ತದೆ ಅಂತ ನೋಡಿಕೊಳ್ಳುವುದು ಒಳ್ಳೆಯದು. ಶಿಬಿರಗಳ ಬಗ್ಗೆ ನನಗೆ ತಕರಾರಿಲ್ಲ. ನೇರ ಆಳದ ನೀರಿಗೆ ಧುಮುಕುವುದು ಯಾಕೆ ಅಂತ ಅಷ್ಟೇ.

ಎಷ್ಟು ಹೊತ್ತು ಮಾಡಬೇಕು ಅಂತ ಕೇಳುತ್ತಾರೆ. ನಾಳೆಯೂ ಮಾಡಬೇಕು ಅನ್ನಿಸುವಷ್ಟು ಹೊತ್ತು. ನನಗೆ ಈಗಲೂ ಏಳೆಂಟು ನಿಮಿಷ, ಭಾನುವಾರ ನೆಂಟರು ಬಂದು ಒಂದು ಲೀಟರ್ ಕಾಯಿಸಬೇಕಾದರೆ ಹನ್ನೆರಡು. ಏನು ಬದಲಾಗಿದೆ ಅಂತಲೂ ಕೇಳುತ್ತಾರೆ. ಸಿಟ್ಟು ಹೋಗಿಲ್ಲ. ಬರುತ್ತಿದೆ ಅಂತ ಕೆಲವು ಸಲ ಮುಂಚೆಯೇ ಗೊತ್ತಾಗುತ್ತದೆ, ಹಾಲಿನ ಸದ್ದು ನಿಂತ ಹಾಗೆ.

ಮೊನ್ನೆ ಗುರುವಾರ ಹಾಲು ಉಕ್ಕಿತು. ಎದುರಿಗೇ ನಿಂತಿದ್ದೆ, ಕಣ್ಣು ಪಾತ್ರೆಯ ಮೇಲೇ ಇತ್ತು. ಈ ಲೇಖನವನ್ನು ಯಾವ ಸಾಲಿನಿಂದ ಶುರು ಮಾಡಲಿ ಅಂತ ಯೋಚಿಸುತ್ತಿದ್ದೆ. ಸೀದ ವಾಸನೆಗೆ ಅಮ್ಮ ದೇವರಮನೆಯಿಂದಲೇ "ಆಯ್ತೇನಪ್ಪಾ ಧ್ಯಾನ?" ಅಂದರು. ಗ್ಯಾಸ್ ಆರಿಸಿ, ಬರ್ನರ್ ತೆಗೆದು ನೀರಿಗೆ ಹಾಕಿದೆ.